ಹದಿನಾಲ್ಕನೇ ಫ್ಯಾನಿನ ದಾರಿ

ಜೋಗಿಮಟ್ಟಿಯ ಬೆನ್ನಿಗೆ, ದಾರಿ ಮುಗಿದ ಮೇಲೂ
ಒಂದೂವರೆ ಮೈಲಿ ದಾರಿಯಿದೆ.
ಟಾರು ಕಂಡಿಲ್ಲ. ಬರೀ ಉರುಟುಗಲ್ಲು,
ಮಳೆ ಕೊರೆದ ಎರಡು ಗಾಲಿಯಚ್ಚು,
ನಡುವೆ ನಮ್ಮ ಗಾಡಿಯ ಹೊಟ್ಟೆ ಸವರಿ ಸವರಿ
ಕುಳ್ಳಾಗೇ ಉಳಿದ ಬಂದರೆ ಗಿಡ.

ಹನ್ನೊಂದು ವರ್ಷ ಫ್ಯಾನಿನ ಹುಡುಗರನ್ನು ಹತ್ತಿಸಿದ್ದೇನೆ,
ಹಗ್ಗ, ಗ್ರೀಸು ಡಬ್ಬಿ, ಮಂಡಕ್ಕಿ ಪೊಟ್ಟಣ ಸಮೇತ.
ಎರಡೂವರೆ ಲೀಟರಿನ ಡೀಸೆಲ್ಲು. ಕೆಳ ಗೇರು.
ಮುಂದಿನ ಗಾಲಿ ಗಾಳಿಯಲ್ಲಿದ್ದರೆ ಹಿಂದಿನದು ಕಲ್ಲು ಕಚ್ಚುತ್ತದೆ,
ಅಷ್ಟು ನಂಬಿಕೆ ನಮ್ಮಿಬ್ಬರಿಗೆ.

ಈಗ ಕಂಪನಿಯಿಂದ ಒಂದು ಹಾಳೆ ಬಂದಿದೆ.
ಹೊಸ ಗಾಡಿಗೆ ಯಾವ ಇಂಜಿನ್ನು? ಚಾಲಕರ ಅಭಿಪ್ರಾಯ.
ನಾಲ್ಕು ಚೌಕ: ಪೆಟ್ರೋಲು, ಡೀಸೆಲ್ಲು, ಹೈಬ್ರಿಡ್ಡು, ಬರೀ ಬ್ಯಾಟರಿ.
ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಕೇಳಿದ ಮೊದಲ ಪ್ರಶ್ನೆ;
ಮಡಿಸಿ ಜೇಬಿನಲ್ಲಿಟ್ಟು ಎರಡು ದಿನ ತಿರುಗಿದೆ.

ಮೆದೇಹಳ್ಳಿ ರಸ್ತೆಯ ದಸ್ತಗೀರ್ ಸಾಬರು
ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೆ, ಹಿಡಿ ಕಿವಿಗೆ ಒತ್ತಿ
ಕಣ್ಣು ಮುಚ್ಚುತ್ತಾರೆ. "ಮೂರನೇದು ಕೆಮ್ತಾ ಇದೆ, ಬೋಸಯ್ಯ."
ಮೂರನೇದೇ ಆಗಿರುತ್ತದೆ.
ಹಾಳೆ ತೋರಿಸಿದೆ. ನಕ್ಕರು.
"ನಮ್ಮ ಅಬ್ಬಾ, ಡೀಸೆಲ್ ಸಿಗದ ಒಂದು ತಿಂಗಳು
ಚಳ್ಳಕೆರೆ ಶೇಂಗಾ ಎಣ್ಣೆ ಸುರಿದು ಟ್ರ್ಯಾಕ್ಟರ್ ಓಡಿಸಿದ್ರು.
ಅದು ಹೋದ ದಾರಿಯೆಲ್ಲ ಮೆಣಸಿನಕಾಯಿ ಬಜ್ಜಿ ವಾಸನೆ,
ಹಿಂದೆ ಹಿಂದೆ ಹುಡುಗ್ರು.
ಇಂಜಿನ್ ಏನು ಹಾಕಿದ್ರೂ ತಿನ್ನುತ್ತೆ.
ಹೊರೋದು ಎಷ್ಟು ಅಂತ ಮೊದಲು ಕೇಳು."

ಬುಧವಾರ ದಾವಣಗೆರೆ ಷೋರೂಮಿನಿಂದ ತನುಜಾ
ಬ್ಯಾಟರಿ ಗಾಡಿಯನ್ನೇ ತಂದಳು, ಪರೀಕ್ಷೆಗೆ.
ಎರಡೂಮುಕ್ಕಾಲು ಟನ್ನು. ಹೊರಗೆ ಬೆಟ್ಟ, ಒಳಗೆ ಮದುವೆ ಮಂಟಪ.
"ಸೊನ್ನೆಯಿಂದಲೇ ಪೂರ್ತಿ ಎಳೆತ, ಅಂಕಲ್.
ಇನ್ನು ಹತ್ತು ವರ್ಷಕ್ಕೆ ಡೀಸೆಲ್ ಗಾಡಿ ಅಂದ್ರೆ
ಕೋಟೆ ಮೇಲಿನ ಫಿರಂಗಿ ಥರ,
ಜನ ಪಕ್ಕ ನಿಂತು ಫೋಟೊ ತೆಗೆಸ್ಕೋತಾರೆ."
ಸಾಬರು ಹಿಂದೆ ಕೂತರು, ತೊಡೆಯ ಮೇಲೆ ಸ್ಕ್ರೂಡ್ರೈವರು.

ಹತ್ತಿತು. ಸುಳ್ಳು ಹೇಳಲಾರೆ,
ಬೆಣ್ಣೆಯಿಂದ ಕೂದಲು ತೆಗೆದಂತೆ ಹತ್ತಿತು.
ಟೈರಿನಡಿ ಕಲ್ಲು ಕಿಟಕ್ಕೆನ್ನುವುದು,
ಬಂದರೆ ಗಿಡ ಗಾಡಿಯ ಹೊಟ್ಟೆ ಕೆರೆಯುವುದು,
ತನುಜಾಳ ಬಳೆ,
ಇವೆಲ್ಲ ಈ ದಾರಿಯಲ್ಲಿ ಮೊದಲಿಂದ ಇದ್ದವೇ?

ಒಂಬತ್ತನೇ ಫ್ಯಾನಿನ ತಿರುವಿನಲ್ಲಿ
ಕರಡಿ. ಎರಡು ಮರಿ. ಸೀತಾಫಲದ ಬೀಜ ಉಗುಳುತ್ತ.
ನಾವು ಬಂದದ್ದು ಅವಕ್ಕೆ ಕೇಳಿಸಲೇ ಇಲ್ಲ.
ಇಲ್ಲಿ ಕರಡಿಯಿಲ್ಲ ಎಂದು ಹನ್ನೊಂದು ವರ್ಷ
ಹೊಸ ಹುಡುಗರಿಗೆಲ್ಲ ಆಣೆಯಿಟ್ಟು ಹೇಳಿದ್ದೆ.
ತಾಯಿ ತಲೆಯೆತ್ತಿತು. ತನುಜಾ ನನ್ನ ತೋಳು ಹಿಡಿದಳು.
ನನ್ನ ಎಡಗಾಲು
ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು.
ಯಾವಾಗ ಹೋದವೋ. ನೆಲದ ಮೇಲೆ ಹಣ್ಣಿನ ಸಿಪ್ಪೆ.

ಹದಿನಾಲ್ಕರ ಬುಡದಲ್ಲಿ ಇಳಿದೆವು.
ಬಾನೆಟ್ಟು ತೆರೆಸಿ ಸಾಬರು ಕಿವಿಯಿಟ್ಟರು, ಬಹಳ ಹೊತ್ತು.
"ಎಳೆಯುತ್ತೆ. ಚೆನ್ನಾಗೇ ಎಳೆಯುತ್ತೆ.
ಏನೂ ಹೇಳಲ್ಲ."
ತಲೆ ಮೇಲೆ ರೆಕ್ಕೆ ಸುಯ್ಯೆಂದು ಇಳಿಯಿತು, ಇನ್ನೊಂದು ಇಳಿಯಿತು.
ಇದರ ಕೀಲಿಗೆ ಗ್ರೀಸು ಹಚ್ಚಿಸಲು ಎಷ್ಟು ಡೀಸೆಲ್ಲು ಸುಟ್ಟಿದ್ದೇನೋ
ಲೆಕ್ಕ ಇಟ್ಟವರಿಲ್ಲ. ಇದು ಹುಟ್ಟಿಸಿದ ಕರೆಂಟು
ತಂತಿ ಹಿಡಿದು, ನಮ್ಮೂರು ದಾಟಿ, ಎಲ್ಲಿಗೋ ಹೋಗುತ್ತದೆ.

ಸಾಬರು ಮೆಲ್ಲಗೆ ಕಂಬದ ಹತ್ತಿರ ನಡೆದರು,
ಕಬ್ಬಿಣಕ್ಕೆ ಸ್ಕ್ರೂಡ್ರೈವರಿನ ತುದಿ ಒತ್ತಿ
ಕಣ್ಣು ಮುಚ್ಚಿದರು.
"ಮೇಲೆ ಗೇರ್‌ಬಾಕ್ಸ್ ಇದೆಯೇನಪ್ಪ, ಬೋಸಯ್ಯ?"
ಇದೆ, ಸಾಬರೇ.
"ಒಂದು ಬೇರಿಂಗು ಅಳ್ತಾ ಇದೆ."

ಹಾಳೆ ಇನ್ನೂ ಜೇಬಿನಲ್ಲಿದೆ, ಬೆವರಿಗೆ ಮೆತ್ತಗಾಗಿ.
ಯಾವ ಚೌಕಕ್ಕೂ ಗುರುತು ಹಾಕಿಲ್ಲ.
ಅಂಚಿನಲ್ಲಿ ಮಾತ್ರ, ಪೆನ್ಸಿಲಿನಲ್ಲಿ:
ಒಂಬತ್ತರ ತಿರುವಿನಲ್ಲಿ ನಿಧಾನ.