ಹಿಂದೆ ಬರೆದಿದೆ

ಟ್ರಿಪ್ ಷೀಟಿನ ಬೆನ್ನ ಮೇಲೆ
ನನ್ನ ಮುಪ್ಪನ್ನು ಕೂಡಿ ಕಳೆದು ತೋರಿಸಿದರು
ಚಿಂತಾಮಣಿ ಡಿಪೋದ ಲೆಕ್ಕದ ಗುಮಾಸ್ತ ಆರಾಧ್ಯರು:
"ಈಗ, ಐವತ್ತೆಂಟಕ್ಕೇ ಬರೆದುಕೊಟ್ಟರೆ
ತಿಂಗಳಿಗೆ ಮೂರು ಸಾವಿರದ ನೂರು.
ಅರವತ್ತರ ತನಕ ತಡೆದರೆ
ಅದರ ಮೇಲೆ ಇನ್ನೂರ ನಲವತ್ತೆಂಟು.
ಬಿಟ್ಟುಕೊಟ್ಟ ಎರಡು ವರ್ಷದ ಗಂಟು
ಎಪ್ಪತ್ನಾಲ್ಕು ಸಾವಿರದ ನಾನೂರು,
ಅದು ತಿರುಗಿ ಕೈಸೇರಲು ಮುನ್ನೂರು ತಿಂಗಳು.
ಅಂದರೆ ಮುನಿಗಂಗಮ್ಮ,
ಎಂಬತ್ತೈದು ದಾಟಿದರೆ ನಿಮಗೆ ಲಾಭ,
ದಾಟದಿದ್ದರೆ ಸರ್ಕಾರಕ್ಕೆ."
ಇಷ್ಟು ಹೇಳಿ, ಬನ್ನನ್ನು ಟೀಯಲ್ಲಿ ಅದ್ದಿದರು.

ಎಂಬತ್ತೈದು.
ಅಪ್ಪ ಐವತ್ನಾಲ್ಕಕ್ಕೆ ಇಳಿದುಹೋದ,
ಸ್ಟಾಪೇ ಇಲ್ಲದ ಕಡೆ.
ಅವ್ವ ತೊಂಬತ್ತೊಂದು. ಕೊನೆಯ ವಾರವೂ ಕೂತು
ಒಂದು ಮೊರ ಅವರೆಕಾಳು ಹಿದುಕಿದಳು.
ನನ್ನಲ್ಲಿ ಯಾವ ಮಂಡಿ ಯಾರದು?
ಮೊದಲ ಟ್ರಿಪ್ಪಿಗೆ ಫುಟ್‌ಬೋರ್ಡ್ ಹತ್ತುವಾಗ
ಬಲಗಾಲು ಅಪ್ಪನ ಕಡೆಯ ಮಾತಾಡುತ್ತದೆ.

ಡ್ರೈವರು ಪ್ಯಾರೇಜಾನ್
ವಯಸ್ಸು ತುಂಬಿದ ವಾರಕ್ಕೇ ಫಾರಂ ಕೊಟ್ಟವನು.
"ಖಾಲಿ ಸೀಟು ಕಂಡ್ರೆ ಕೂತ್ಕೋಬೇಕಕ್ಕ,
ಹಿಂದಿನ ಗಾಡಿ ಬರುತ್ತೆ ಅಂತ ಯಾರು ಕಂಡೋರು?"
ಅವನ ಪಿಂಚಣಿ ಬ್ಯಾಂಕಿನ ಮೆಟ್ಟಿಲಿಳಿಯುವ ಮೊದಲೇ
ಅಳಿಯನ ಆಟೋದ ಕಂತಾಗುತ್ತದೆ.
ಆ ಮಾತು ಅವನು ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ನನಗೂ ಕೇಳುವವರಿದ್ದಾರೆ.
ತಂಗಿ ಕೈವಾರದ ರಸ್ತೆಯ ಸೈಟೊಂದರ ಜೆರಾಕ್ಸ್ ತಂದಳು.
ಚೀಟಿ ಆಂಜಿನಮ್ಮ ಕುಂಕುಮ ಕೊಟ್ಟು ಹೋದಳು,
ಐದು ಲಕ್ಷದ್ದು ಹಾಕು, ಗ್ರಾಚ್ಯುಟಿ ಇಟ್ಟುಕೊಂಡು
ಏನು ಮಾಡುತ್ತೀಯ ಎಂದು.
ಪೋಸ್ಟಾಫೀಸಿನ ಹುಡುಗಿ ಮಾತ್ರ
ಗಾಜಿನ ಆಚೆಯಿಂದ ತಲೆಯೆತ್ತದೆ ಹೇಳಿದಳು:
"ಹಿರಿಯರ ಖಾತೆಗೆ ಅರವತ್ತಾಗಲಿ ಮೇಡಂ, ಆಮೇಲೆ ಬನ್ನಿ."

ಶಕ್ತಿ ಟಿಕೆಟ್ಟಿಗೂ ಮೊದಲಿನ ಮಾತು.
ಬುರುಡಗುಂಟೆಗೆ ಟಿಕೆಟ್ ಕೇಳಿದ ಮುದುಕಿ,
ಕಂಕುಳಲ್ಲಿ ಕೋಳಿ, ಕೈಯಲ್ಲಿ ಐವತ್ತರ ನೋಟು.
ಚಿಲ್ಲರೆ ಇರಲಿಲ್ಲ.
ಟಿಕೆಟ್ಟಿನ ಹಿಂದೆ ೧೪ ಎಂದು ಬರೆದು
ಸುತ್ತ ಗೆರೆ ಎಳೆದುಕೊಟ್ಟೆ.
ಅಕ್ಷರ ಬಾರದವಳು, ಗೆರೆಯನ್ನು ನಂಬಿ
ಎಲೆಅಡಿಕೆ ಚೀಲಕ್ಕೆ ಹಾಕಿಕೊಂಡಳು.
ಇಳಿಯುವ ಗದ್ದಲದಲ್ಲಿ ಮರೆತಳು. ನಾನೂ.

ಬ್ಯಾಗಿನ ಬದಿಯ ಜೇಬಿನಲ್ಲಿ ಆ ಹದಿನಾಲ್ಕು ರೂಪಾಯಿ
ಎಂಟು ತಿಂಗಳು ತಿರುಗಿತು
ಚೇಳೂರಿಗೆ, ಬಾಗೇಪಲ್ಲಿಗೆ, ಮತ್ತೆ ಚಿಂತಾಮಣಿಗೆ.
ತನಿಖೆಯವರು ಹತ್ತಿದ್ದರೆ ನನ್ನ ಮೇಲೇ ಕೇಸು.
ಬುರುಡಗುಂಟೆ ಬಂದಾಗೆಲ್ಲ ಬಗ್ಗಿ ನೋಡುತ್ತಿದ್ದೆ,
ಮುಖ ನೆನಪಿರಲಿಲ್ಲ,
ಕಂಕುಳಿನ ಕೋಳಿಗಳನ್ನು.

ಅವಳ ವಯಸ್ಸು ಕೇಳಲಿಲ್ಲ.
ಎಂಬತ್ತೈದು ಇದ್ದೀತು.

ಈ ರಾತ್ರಿ ಫಾರಂ ಮುಂದಿಟ್ಟು ಕೂತಾಗ ತಿಳಿಯಿತು,
ಇಷ್ಟು ದಿನ ನನ್ನನ್ನು ನಾನು
ಚಿಲ್ಲರೆ ಇಸಕೊಳ್ಳಬೇಕಾದವಳು ಅಂದುಕೊಂಡಿದ್ದೆ.
ಅಲ್ಲ. ಬ್ಯಾಗು ನನ್ನ ಹೆಗಲಲ್ಲಿದೆ.
ಸಂಬಳ ಇನ್ನೆರಡು ವರ್ಷ ಬರುತ್ತದೆ, ನನಗೆ ನಡೆಯುತ್ತದೆ.
ಮುಂದೆಲ್ಲೋ ಒಬ್ಬಳು ಮುದುಕಿ
ಕಂಬಿ ಹಿಡಿದು ಎದ್ದು ನಿಂತಿದ್ದಾಳೆ.
ನನ್ನದೇ ಮೂಗು, ಅವ್ವನ ಬೆರಳು.
ತಿಂಗಳಿಗೆ ಇನ್ನೂರ ನಲವತ್ತೆಂಟು.
ಆಗಿನ ಬೆಲೆಗೆ ಅದು ಎಷ್ಟು ಬಿಪಿ ಮಾತ್ರೆಯೋ
ಒಂದು ಹೊತ್ತಿನ ಕಾಫಿಪುಡಿಯೋ.

ಅವಳು ಬಾರದೇ ಹೋದರೆ ನಷ್ಟ,
ಅದು ಆರಾಧ್ಯರ ಲೆಕ್ಕ, ತಪ್ಪಿಲ್ಲ.
ಬಂದು, ಬರಿಗೈಯಲ್ಲಿ ಇಳಿದರೆ?

ಫಾರಂ ತುಂಬಲಿಲ್ಲ. ಮಡಚಿ, ಹಿಂದೆ ೨೪೮ ಎಂದು ಬರೆದು
ಸುತ್ತ ಗೆರೆ ಎಳೆದೆ.
ನಾಲ್ಕೂವರೆಗೆ ಅಲಾರಂ ಇಟ್ಟು
ಮಂಡಿಗೆ ಎಣ್ಣೆ ಹಚ್ಚಿಕೊಂಡೆ,
ಎರಡಕ್ಕೂ.