ಇದೆ, ಆದರೆ

ವಿ.ಸಿ. ಫಾರಂ ಲೈಬ್ರರಿಯಲ್ಲಿ ಇವತ್ತು
ಮುನ್ನೂರ ಹನ್ನೆರಡು ಕೊಂಡಿ ಒತ್ತಿ ನೋಡಿದೆ.
ನಲವತ್ತೊಂದು ಸತ್ತಿವೆ.
ಹಾಗಂತ ಬರೆಯುವಂತಿಲ್ಲ; ಕಾಲಂನಲ್ಲಿ
‘ಪರಿಶೀಲನೆಯಲ್ಲಿದೆ’ ಅಂತಲೇ ಬರೆಯಬೇಕು.

ಒಂದು ಪತ್ರಿಕೆ ಮೂರು ಸಲ ಹೆಸರು ಬದಲಿಸಿದೆ,
ಎರಡು ಸಲ ಮನೆ.
ತವರಿನ ಹೆಸರು ಹಿಡಿದು ಹುಡುಕಿ ಬಂದವರಿಗೆ
ಈಗಿನ ವಿಳಾಸ ಹೇಳುವುದಕ್ಕೇ ನನ್ನ ಸಂಬಳ.

ಭತ್ತದ ಬೆಂಕಿರೋಗದ ಬೆನ್ನು ಹತ್ತಿರುವ ತಸ್ಮಿಯಾ
ತೊಂಬತ್ತೆಂಟರ ಸಂಚಿಕೆ ಕೇಳಿದಳು.
ಪರದೆ ಹೇಳಿತು: ಇದೆ, ಆದರೆ
ಚಂದಾ ಮುಗಿದಿದೆ.
ಹೋದ ವರ್ಷ ಓದಿದ್ದೆ ಮೇಡಂ, ಇದೇ ಕುರ್ಚಿಯಲ್ಲಿ.
ಹೌದಮ್ಮ, ನಾವು ಕೊಂಡಿರಲಿಲ್ಲ,
ಕಿಟಕಿಗೆ ಬಾಡಿಗೆ ಕಟ್ಟಿದ್ದೆವು.

ಹಿಂದಿನ ಕೋಣೆಗೆ ಕರೆದೊಯ್ದೆ.
ಜವರಯ್ಯ ಹೊಲಿದ ಸಂಪುಟಗಳು, ಕೆಂಪು ರೆಕ್ಸಿನ್,
ಅಂಟಿನಲ್ಲಿ ಮೈಲುತುತ್ತದ ಘಾಟು ಇನ್ನೂ.
ತೊಂಬತ್ತೇಳು. ತೊಂಬತ್ತೊಂಬತ್ತು.
ನಡುವೆ ನಾಲ್ಕು ಬೆರಳಗಲ ಕತ್ತಲೆ.

ತಸ್ಮಿಯಾ ಅದರೊಳಗೆ ಕೈಯಿಟ್ಟಳು,
ಕಾವಿಗೆ ಕೂತ ಕೋಳಿಯಡಿ ಮೊಟ್ಟೆ ತಡಕುವ ಹಾಗೆ.
ಸಿಕ್ಕಿದ್ದು ಒಂದು ಚೀಟಿ:
‘ಬೈಂಡಿಂಗಿಗೆ ಹೋಗಿದೆ’.
ತಾರೀಕಿಲ್ಲ.
ಜವರಯ್ಯ ಹೋಗಿಯೇ ಆರು ವರ್ಷ.

ಹೊರಗೆ ನಾಲೆಗೆ ನೀರು ಬಿಟ್ಟ ಸದ್ದು.
ನಾನು ಮೇಜಿಗೆ ವಾಪಸು ಬಂದು
ಚೀಟಿಯನ್ನು ಕೀಲಿಮಣೆಗೆ ಒರಗಿಸಿಟ್ಟು
ನಲವತ್ತೆರಡು ಅಂತ ತಿದ್ದಿದೆ.