ಹದಿನಾಲ್ಕು–ಹದಿನೈದು

ಕೇಜಿಗೆ ನಲವತ್ತು. ಖಲೀಲ್ ಸಾಬರ ತಕ್ಕಡಿಗೆ
ಇದು ಪೆಟ್ಟಿಗೆ ಅಂತ ಗೊತ್ತಿಲ್ಲ,
ನಾನೂ ಹೇಳಲಿಲ್ಲ.
ಏಳು ಕೇಜಿ ಇನ್ನೂರು ಗ್ರಾಂ.
ಇನ್ನೂರು ಬರೀ ತುಕ್ಕು ಸಾಬರೇ, ಅಂದೆ.
ನಕ್ಕು ಬಿಟ್ಟುಕೊಟ್ಟರು.

ಭದ್ರಾವತಿಯ ಹಳೇನಗರದಲ್ಲಿ ಇಂಥವು ಬೇಕಾದಷ್ಟು:
ಎಳೆದರೆ ಮೆಟ್ಟಿಲ ಹಾಗೆ ಎರಡೂ ಕಡೆ ಬಿಚ್ಚಿಕೊಳ್ಳುವ ಐದು ಖಾನೆಯವು,
ಹಿಡಿ ಮುರಿದವು, ಚಿಲಕಕ್ಕೆ ತಂತಿ ಸುತ್ತಿದವು.
ಪಾಳಿ ನಿಂತ ಮೇಲೆ ಮಂಚದ ಕೆಳಗೆ ಸೇರಿ
ಅಲ್ಲಿಂದ ಬಚ್ಚಲ ಸಂದಿಗೆ,
ಅಲ್ಲಿಂದ ಗುಜರಿ ಗಾಡಿಗೆ.

ಮೊದಲು ಸೀಮೆಎಣ್ಣೆ, ಒಂದು ರಾತ್ರಿ ನೆನೆಯಬೇಕು.
ಬೆಳಿಗ್ಗೆ ತಂತಿಬ್ರಶ್ಶು, ಆಮೇಲೆ ಉಪ್ಪುಕಾಗದ,
ಮೂಲೆಗಳಿಗೆ ಮಗಳ ಸವೆದ ಹಲ್ಲುಬ್ರಶ್ಶು.
ಉಗುರಿನ ಸಂದಿ ಕೆಂಪು, ಮೂಗಿನೊಳಗೆ ಕೆಂಪು,
ತಲೆಗೆ ಕಟ್ಟಿದ ಬಟ್ಟೆ ಒಗೆದ ನೀರೂ ಕೆಂಪು.
‘ಯಾರ ಜೊತೆ ಹೋಳಿ ಆಡಿದ್ದು?’ ಅನ್ನುತ್ತಾನೆ ಗಂಡ.

ಆ ಕೆಂಪು ನನಗೆ ಹೊಸದಲ್ಲ.
ಸೊರಬದ ಕಡೆ, ನಮ್ಮೂರಲ್ಲಿ,
ಅಜ್ಜಿ ಕೆರಿಯಮ್ಮ ಗೋಡೆಗೆ ಬಳಿಯುತ್ತಿದ್ದ ಕೆಮ್ಮಣ್ಣು ಅದೇ.
ಗುಡ್ಡದ ಮಣ್ಣು ಕುಲುಮೆಗೆ ಬಿದ್ದು ಕಬ್ಬಿಣವಾಯಿತು,
ಕಬ್ಬಿಣ ಪೆಟ್ಟಿಗೆಯಾಯಿತು,
ಪೆಟ್ಟಿಗೆ ಕೆಲಸವಿಲ್ಲದೆ ಕೂತೂ ಕೂತೂ
ಮತ್ತೆ ಗುಡ್ಡದ ದಾರಿ ಹಿಡಿದಿತ್ತು.
ನಡುವೆ ನಾನು ಅಡ್ಡ ಬಂದೆ.
ಕೆಂಪನ್ನೆಲ್ಲ ಕೆರೆದು ಬಿಸಾಡಿ
ಅಂಗಡಿಯಿಂದ ಅರ್ಧ ಲೀಟರ್ ರೆಡ್ ಆಕ್ಸೈಡ್ ತಂದು
ಅದೇ ಬಣ್ಣ ಹಚ್ಚಿದೆ,
ದುಡ್ಡು ಕೊಟ್ಟು.

ಅಕ್ಕಿಹಿಟ್ಟು ಪುಂಡಿನಾರಿನ ಮಾತು ಕೇಳುತ್ತದೆ,
ಎನಾಮಲ್ಲು ಕೇಳುವುದಿಲ್ಲ.
ಮೊದಮೊದಲು ಏಣಿಯ ಗೆರೆಗಳೆಲ್ಲ ಕುಡಿದವರ ಹಾಗೆ ಜಾರಿ ಬಂದವು.
ಟರ್ಪೆಂಟೈನ್ ಎಷ್ಟು ಬೆರೆಸಬೇಕೆಂದು
ಅಜ್ಜಿ ಹೇಳಿಕೊಟ್ಟಿರಲಿಲ್ಲ.
ಈಗ ಕೈ ಕೂತಿದೆ: ಬಿಳಿ ಏಣಿ, ಬತ್ತದ ತೆನೆ, ದಂಡಿಗೆ,
ದಂಡಿಗೆಯೊಳಗೆ ತಲೆಗಿಂತ ದೊಡ್ಡ ಬಾಸಿಂಗದ ಇಬ್ಬರು.
‘ಮದುವೆ ಮನೆ ಗೋಡೆಗೆ ಬರೆಯೋ ಹಸೆ,
ಪಾನಾ ಇಡೋ ಡಬ್ಬಕ್ಕೆ ಯಾಕೇ?’ ಅತ್ತೆ ಕೇಳಿದರು.
ತಗ್ಗು ಮುಚ್ಚೋದಕ್ಕೆ, ಅಂದೆ.
ಅರ್ಧ ನಿಜ.

ಈ ಪೆಟ್ಟಿಗೆಯ ಮುಚ್ಚಳದ ಒಳಗೆ
ಗ್ರೀಸಿನ ಗಟ್ಟಿ ಪದರ ಕೆರೆದಾಗ
ಮೊಳೆಯಲ್ಲಿ ಗೀಚಿದ ಅಕ್ಷರ:
‘೧೪–೧೫ ಫ್ರಾನ್ಸಿಸ್ ಹತ್ರ. ಕೇಳಬೇಕು.’
ಕೆಳಗೆ ತಾರೀಖು. ವರ್ಷವನ್ನು ತುಕ್ಕು ತಿಂದಿದೆ.

ಮೇಲಿನ ಖಾನೆಯಲ್ಲಿ
ಹೋದ ಪಾನಾಗಳ ಅಚ್ಚು ಇನ್ನೂ ಇತ್ತು,
ಸಣ್ಣದರಿಂದ ದೊಡ್ಡದಕ್ಕೆ, ಒಂದರ ಪಕ್ಕ ಒಂದು ಮಲಗಿದ ಹಾಗೆ.
ಹನ್ನೆರಡು–ಹದಿಮೂರು ಆದ ಮೇಲೆ ಒಂದು ಜಾಗ ಖಾಲಿ.
ಬೇರೆ ಯಾವುದನ್ನೂ ಅಲ್ಲಿ ಇಟ್ಟಿಲ್ಲ,
ಒಂದು ನಟ್ಟನ್ನೂ ಇಟ್ಟಿಲ್ಲ ಆ ಮನುಷ್ಯ.

ಕೇಳಿದನೋ ಇಲ್ಲವೋ.
ಇಬ್ಬರ ಪಾಳಿ ಬೇರೆಯಾಯಿತೋ,
ಇಷ್ಟು ಸಣ್ಣದನ್ನು ಕೇಳಲು ಮುಖ ಬರಲಿಲ್ಲವೋ.
ಯಾರ ಮನೆಯದಿದು ಅಂತ ಸಾಬರಲ್ಲಿ ವಿಚಾರಿಸಿದೆ.
‘ನನಗೆ ತೂಕ ಒಂದೇ ನೆನಪಿರ್ತದೆ ಕಣಮ್ಮಾ.’

ಮುಚ್ಚಳದ ಒಳಗೆ ಬಣ್ಣ ಹಚ್ಚಲಿಲ್ಲ,
ತೆಳ್ಳಗೆ ವಾರ್ನಿಶ್ ಎಳೆದು ಬಿಟ್ಟೆ.
ಹೊರಗೆ, ದಂಡಿಗೆಯ ಕೆಳಗಿನ ಸಾಲಿನಲ್ಲಿ,
ತೆನೆ ತೆನೆ ತೆನೆ ಬರೆಯುತ್ತಾ ಬಂದ ಕೈ
ಒಂದು ಕಡೆ ತೆನೆ ಬಿಟ್ಟು ಬೇರೇನೋ ಬರೆಯಿತು.
ಅಜ್ಜಿ ಇದ್ದಿದ್ದರೆ ಬೆರಳಿಗೆ ಹೊಡೆಯುತ್ತಿದ್ದಳು.

ಶಿವಮೊಗ್ಗದ ವಿನೋಬನಗರದಿಂದ ಬಂದಾಕೆ
ಹೊಲಿಗೆ ದಾರ ಇಡುವುದಕ್ಕೆ ಇದನ್ನೇ ಆರಿಸಿದಳು.
ಚೌಕಾಸಿ ಮಾಡಿದಳು, ಐವತ್ತು ಇಳಿಸಿದೆ.
ಆ ಜಾಗದ ಮೇಲೆ ಬೆರಳಿಟ್ಟಳು:
‘ಇದೇನು, ಮೀನಾ? ಎರಡೂ ಕಡೆ ಬಾಯಿ?’

ಹೂಂ, ಅಂದೆ.
ಒಂದು ಬಾಯಿ ಚೂರು ದೊಡ್ಡದು, ನೋಡಿ.